ಶುಕ್ರವಾರ ಹೊಸಿಲು ದಾಟದ ಎಣ್ಣೆ

ಬಸ್ಸು ಏರು ಹತ್ತುವಾಗ ಮಿಕ್ಕವರು ಆಚೆಯ ಮಾವಿನ ತೋಪು ನೋಡುತ್ತಾರೆ. ನಾನು ರಸ್ತೆ ಪಕ್ಕದಲ್ಲಿ ಕಲ್ಲು ಎಲ್ಲೆಲ್ಲಿದೆ ಅಂತ ನೋಡುತ್ತೇನೆ. ತಲೆಗಾತ್ರದ್ದು, ಒಂದು ಮಗ್ಗುಲು ಚಪ್ಪಟೆ ಇರುವಂಥದ್ದು, ಗಾಲಿ ಕೆಳಗೆ ಕೊಟ್ಟರೆ ಉರುಳದಂಥದ್ದು. ಮೊಮ್ಮಕ್ಕಳು ನಗುತ್ತಾರೆ. ನಗಲಿ. ಅವರ ಕಾಲಕ್ಕೆ ಒಳ್ಳೆಯ ಎಂಜಿನ್ನುಗಳು ಬಂದಿವೆ, ಎಣ್ಣೆ ಬದಲಾಯಿಸದೆ ಎಷ್ಟೋ ದೂರ ಓಡುತ್ತವಂತೆ. ನಮ್ಮ ಕಾಲದಲ್ಲೂ ಓಡಿಸಿದರು. ಎಂಜಿನ್ನು ಒಳ್ಳೆಯದು ಅಂತ ಅಲ್ಲ. ಎಣ್ಣೆಗೂ ವಾರ ನೋಡುತ್ತಿದ್ದರು, ಅದಕ್ಕೆ.

ನಾನು ಸ್ಲೇಟು ಹಿಡಿದದ್ದು ಎರಡು ಮೂರು ವರ್ಷ ಅಷ್ಟೇ. ಸುತ್ತಿ ಬಳಸಿ ಬರೆಯಕ್ಕೆ ಬರಲ್ಲ. ಆದದ್ದು ಹೇಳುತ್ತೇನೆ.

ಎರಡನೇ ಯುದ್ಧ ನಡೆಯುತ್ತಿದ್ದ ಕಾಲ. ನಮ್ಮ ಯಜಮಾನರು ಕೋಲಾರದ ಒಬ್ಬ ಸಾವ್ಕಾರರ ಲಾರಿ ಓಡಿಸುತ್ತಿದ್ದರು. ಪೆಟ್ರೋಲು ಸಿಗದೆ ಬಸ್ಸುಗಳೆಲ್ಲ ಬೆನ್ನಿಗೆ ಇದ್ದಿಲ ಒಲೆ ಕಟ್ಟಿಕೊಂಡು ಓಡುತ್ತಿದ್ದವು. ನಮ್ಮದು ಡೀಸೆಲ್ ಲಾರಿ. ಸುತ್ತಮುತ್ತ ಅಂಥದ್ದು ಇನ್ನೊಂದನ್ನ ನಾನು ನೋಡಿರಲಿಲ್ಲ. ಮಾಲೂರಿನಿಂದ ಹೆಂಚು ಹೇರಿಕೊಂಡು ಶ್ರೀನಿವಾಸಪುರ, ಮುಳಬಾಗಿಲು ಅಂತ ವಾರವೆಲ್ಲ ಸುತ್ತುತ್ತಿತ್ತು. ಸಾವ್ಕಾರರ ಮನೆ ಹಿತ್ತಿಲಲ್ಲಿ ಲಾರಿ ನಿಲ್ಲಿಸುವ ಜಾಗ, ಅದರ ಪಕ್ಕ ಒಂದು ಕೋಣೆ, ಅದರಲ್ಲಿ ನಾವು.

ಡೀಸೆಲ್ ಎಂಜಿನ್ನು ಗಟ್ಟಿ ಪಿಂಡ. ಪೆಟ್ರೋಲ್ ಗಾಡಿಗಳ ಹಾಗೆ ಮಾತುಮಾತಿಗೆ ಮುನಿಸಿಕೊಳ್ಳುವುದಿಲ್ಲ. ಆದರೆ ಹೊಟ್ಟೆಯೊಳಗಿನ ಎಣ್ಣೆಯನ್ನ ಬೇಗ ಮಸಿ ಮಾಡುತ್ತೆ. ಕಾಲಕಾಲಕ್ಕೆ ಅದನ್ನ ಬಸಿದು ಹೊಸದು ಹಾಕಬೇಕು, ಇಲ್ಲದಿದ್ದರೆ ಒಳಗೆ ಕಬ್ಬಿಣ ಕಬ್ಬಿಣವನ್ನೇ ತಿನ್ನುತ್ತೆ ಅಂತ ನಮ್ಮ ಯಜಮಾನರು ಹೇಳುತ್ತಿದ್ದರು. ಯುದ್ಧದಲ್ಲಿ ಆ ಎಣ್ಣೆಗೂ ಪರ್ಮಿಟ್ಟು ಬಂತು. ಸಿಕ್ಕ ಡಬ್ಬಗಳನ್ನ ಹೊರಗಿಟ್ಟರೆ ಕದ್ದುಬಿಡುತ್ತಾರೆ ಅಂತ ಸಾವ್ಕಾರರು ಮನೆಯೊಳಗಿನ ಎಣ್ಣೆ ಕೋಣೆಯಲ್ಲಿ ಇಡಿಸಿದರು. ದೀಪದ ಎಳ್ಳೆಣ್ಣೆ, ಒಗ್ಗರಣೆಯ ಕಡಲೆಕಾಯಿ ಎಣ್ಣೆ, ತಲೆಗೆ ಹರಳೆಣ್ಣೆ, ಅವುಗಳ ಪಕ್ಕ ಲಾರಿ ಎಣ್ಣೆ. ಆ ಕೋಣೆಯ ಬೀಗದ ಕೈ ಇದ್ದದ್ದು ಸಾವ್ಕಾರರ ತಾಯಿಯ ಸೊಂಟದಲ್ಲಿ. ಅವರನ್ನ ಊರೆಲ್ಲ ದೊಡ್ಡಮ್ಮಾವ್ರು ಅನ್ನುತ್ತಿತ್ತು. ಡಬ್ಬ ಅವರ ಕೋಣೆ ಸೇರಿದ ದಿನದಿಂದ ಅದು ಲಾರಿದಲ್ಲ, ಮನೇದು.

ಲಾರಿ ಹಿತ್ತಿಲಿಗೆ ಬರುತ್ತಿದ್ದದ್ದು ಶುಕ್ರವಾರ ಸಂಜೆ. ನಮ್ಮ ಯಜಮಾನರು ಕೈಕಾಲು ತೊಳೆದುಕೊಂಡು ಹಿಂಬಾಗಿಲಲ್ಲಿ ನಿಂತುಕೊಳ್ಳುವರು.

"ಅಮ್ಮಾವ್ರೇ, ಎಂಜಿನ್ ಎಣ್ಣೆ ಬದಲಾಯಿಸ್ಬೇಕು. ಒಂದು ಡಬ್ಬ ಕೊಡಿಸಿ."

"ಇವತ್ತು ಏನು ವಾರ?"

"ಶುಕ್ರವಾರ."

"ಶುಕ್ರವಾರ ದೀಪ ಹಚ್ಚಿದ ಮೇಲೆ ಎಣ್ಣೆ ಹೊಸಿಲು ದಾಟಿದ್ರೆ ಲಕ್ಷ್ಮಿ ಅದರ ಹಿಂದೇನೇ ಹೋಗ್ತಾಳೆ. ನಿಮ್ಮಮ್ಮ ಹೇಳಿಕೊಡ್ಲಿಲ್ವೇನೋ?"

"ಇದು ಉಣ್ಣೋ ಎಣ್ಣೆ ಅಲ್ವಲ್ಲ ಅಮ್ಮಾವ್ರೇ. ಲಾರಿದು."

"ಜಿಡ್ಡು ಇದೆಯೋ ಇಲ್ವೋ?"

"ಇದೆ."

"ಮತ್ತೆ?"

ಮಾರನೇ ದಿನ ಶನಿವಾರ. ರಿಪೇರಿ ಮಾಡುವ ದಿನ ಅದೊಂದೇ. ಶನಿವಾರ ಎಣ್ಣೆ ಡಬ್ಬ ಮುಟ್ಟಿದರೆ ಶನಿ ಮಹಾತ್ಮ ಹೆಗಲೇರುತ್ತಾನೆ ಅಂತ ಅವತ್ತೂ ಇಲ್ಲ. ಭಾನುವಾರ ಕೋಳಿ ಕೂಗುವ ಮೊದಲೇ ಲಾರಿ ಮಾಲೂರಿನ ದಾರಿ ಹಿಡಿದಿರುತ್ತಿತ್ತು. ಮಿಕ್ಕ ವಾರಗಳಲ್ಲಿ ಎಣ್ಣೆ ಕೊಡಕ್ಕೆ ದೊಡ್ಡಮ್ಮಾವ್ರು ಸಿದ್ಧ, ಲಾರಿ ಇರುತ್ತಿರಲಿಲ್ಲ. ಡಬ್ಬ ಮೊದಲೇ ಈಸ್ಕೊಂಡು ಲಾರಿಯಲ್ಲಿ ಇಟ್ಟುಕೊಳ್ಳುತ್ತೇನೆ ಅಂದರೆ, "ಅರ್ಧ ದಾರೀಲಿ ಮಾರ್ಕೊಳ್ಳಕ್ಕಾ?" ಅನ್ನುವರು. ಸಾವ್ಕಾರರನ್ನ ಕೇಳಿದರೆ, "ಅಮ್ಮನ್ನ ಕೇಳಪ್ಪ, ಆ ಬೀಗದ ಕೈ ನನಗೇ ಸಿಗಲ್ಲ. ಓಡ್ತಾ ಇದೆಯಲ್ಲ, ಓಡೋ ಎತ್ತಿನ ಹೊಟ್ಟೆ ಯಾಕೆ ಕೊಯ್ದು ನೋಡ್ತೀಯ?" ಅಂತ ಒಳಗೆ ಹೋಗಿಬಿಡುವರು.

ಒಂದು ಶನಿವಾರ ನಮ್ಮ ಯಜಮಾನರು ಹಳೇ ಎಣ್ಣೆಯನ್ನೇ ಬಸಿದು, ಸೋಸಿ, ಮತ್ತೆ ಹಾಕುತ್ತೇನೆ ಅಂದರು. ಸೋಸಕ್ಕೆ ನನ್ನ ಹಳೇ ಸೀರೆ. ನಾನು ಆಗ ತುಂಬಿದ ಬಸುರಿ. ಬಟ್ಟೆಯ ಎರಡು ಮೂಲೆ ಹಿಡಿದು ನಿಂತೆ, ಅವರು ಸುರಿದರು. ಎಣ್ಣೆ ಅಂದರೆ ಎಣ್ಣೆಯಲ್ಲ, ದೀಪದ ಕಪ್ಪು ಕಲಸಿದ ಹಾಗೆ. ಸೋಸಿ ಮುಗಿದಾಗ ಬಟ್ಟೆ ಮೇಲೆ ಕರೀ ಮಡ್ಡಿ ಉಳಿಯಿತು. ಬಿಸಿಲಿಗೆ ಹಿಡಿದರೆ ಮಡ್ಡಿಯೊಳಗೆ ಮಿಣಮಿಣ ಅನ್ನುವ ಪುಡಿ.

ಬೀಸೋ ಕಲ್ಲು ಕುಟ್ಟಿಸಿದ ಹೊಸದರಲ್ಲಿ ರಾಗಿ ಹಿಟ್ಟಿನಲ್ಲಿ ಕಲ್ಲುಪುಡಿ ಸಿಗುತ್ತೆ, ಹಲ್ಲಿಗೆ ಕರಕರ ಅನ್ನುತ್ತೆ. ಕಲ್ಲು ತನ್ನನ್ನೇ ಬೀಸಿಕೊಂಡಿದೆ ಅಂತ ಅರ್ಥ. ಇದು ಕಬ್ಬಿಣದ ಹಿಟ್ಟು.

"ಇದು ಎಲ್ಲಿಂದ ಬಂತು?" ಅಂದೆ.

"ಒಳಗಿಂದ."

"ಒಳಗೆ ಏನೋ ಕರಗ್ತಾ ಇದೆ ಹಾಗಾದ್ರೆ."

"ಬೇರಿಂಗು. ಎಲ್ಲಾದ್ರೂ ಬಾಯಿ ಬಿಟ್ಟೀಯ. ಡ್ರೈವರ್ರೇ ಕೆಡಿಸಿದ ಅಂತಾರೆ."

ಸೋಸಿದ ಎಣ್ಣೆಯನ್ನ ಅವರು ಮತ್ತೆ ಎಂಜಿನ್ನಿಗೆ ಸುರಿದರು. ಮಡ್ಡಿ ಹತ್ತಿದ ಬಟ್ಟೆಯನ್ನ ನಾನು ಒಲೆಗೆ ಹಾಕಿದೆ. ಅವತ್ತಿನಿಂದ ನನಗೆ ಹೆದರಿಕೆ ಹಿಡಿಯಿತು.

ಹೆದರಿಕೆಗೆ ಕಾರಣ ಬರೀ ಎಂಜಿನ್ನಲ್ಲ. ಕೋಲಾರಕ್ಕೂ ಮುಳಬಾಗಿಲಿಗೂ ನಡುವೆ ಒಂದು ದಿಣ್ಣೆ ಇತ್ತು. ಆ ಕಡೆಯಿಂದ ಬಂದರೂ ಏರು, ಈ ಕಡೆಯಿಂದ ಹೋದರೂ ಏರು. ಹಿಂದಿನ ವರ್ಷ ಯಾರದೋ ಲಾರಿ ಅಲ್ಲಿ ನಡು ಏರಿನಲ್ಲಿ ಉಸಿರು ಬಿಟ್ಟಿತ್ತು. ಬ್ರೇಕು ಹಿಡಿಯಲಿಲ್ಲ. ಲಾರಿ ಹಿಂದಕ್ಕೆ ಬಂತು. ಡ್ರೈವರು ಉಳಿದ. ಗಾಲಿಗೆ ಕಲ್ಲು ಕೊಡಕ್ಕೆ ಅಂತ ಇಳಿದಿದ್ದವನು ಹೋದ. ಅವನ ಹೆಂಡತಿ ಆಮೇಲೆ ದೊಡ್ಡಮ್ಮಾವ್ರ ಮನೆಯಲ್ಲೇ ಮುಸುರೆ ತಿಕ್ಕಕ್ಕೆ ಸೇರಿಕೊಂಡಳು. ದಿನಾ ಅವಳ ಮುಖ ನೋಡುತ್ತಿದ್ದೆ. ನಾಳೆ ಆ ಬೂದಿ ಹುಣಿಸೆಹಣ್ಣು ಹಿಡಿದು ಅಲ್ಲಿ ಕೂತಿರುವವಳು ನಾನೇ ಅನ್ನಿಸುತ್ತಿತ್ತು. ನಮ್ಮ ಲಾರಿಯಲ್ಲಿ ಕ್ಲೀನರೂ ಇರಲಿಲ್ಲ, ಇದ್ದವನು ಯುದ್ಧಕ್ಕೆ ಅಂತ ಪಟಾಲಮ್ಮಿಗೆ ಸೇರಿ ಹೊರಟುಹೋಗಿದ್ದ. ನಡು ಏರಿನಲ್ಲಿ ಲಾರಿ ನಿಂತರೆ ಬ್ರೇಕು ತುಳಿಯುವವರೂ ಇವರೇ, ಇಳಿದು ಕಲ್ಲು ಕೊಡುವವರೂ ಇವರೇ. ಎರಡೂ ಒಬ್ಬರಿಂದ ಆಗೋದಿಲ್ಲ. ಇದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಊಟಕ್ಕೆ ಕೂತಾಗ ಉಪ್ಪು ಹುಳಿ ಮಾತಾಡುತ್ತಿದ್ದೆವು.

ಹೆರಿಗೆಗೆ ಅಂತ ನನ್ನ ತವರು ಬೈರಕೂರಿಗೆ ಹೋದೆ. ಹೆಣ್ಣು ಮಗು. ಬಾಣಂತನದಲ್ಲಿ ಎರೆದುಕೊಳ್ಳುವಾಗ, ಸಾಂಬ್ರಾಣಿ ಹೊಗೆ ಹಾಕಿಸಿಕೊಳ್ಳುವಾಗ, ದೂರದಲ್ಲಿ ಯಾವ ಗಾಡಿಯ ಸದ್ದು ಕೇಳಿದರೂ ನಮ್ಮ ಲಾರಿಯಾ ನೋಡು ಅಂತ ನಮ್ಮಮ್ಮನನ್ನ ಬಾಗಿಲಿಗೆ ಅಟ್ಟುತ್ತಿದ್ದೆ. ನಮ್ಮಮ್ಮ ಬೈಯುವಳು, "ಹಾಲು ಬತ್ತಿ ಹೋಗುತ್ತೆ, ಸುಮ್ಮನಿರೇ."

ಹುಣಿಸೆಹಣ್ಣು ಬಡಿಯುವ ಕಾಲಕ್ಕೆ ನಮ್ಮ ಯಜಮಾನರು ಕರೆದುಕೊಂಡು ಹೋಗಕ್ಕೆ ಬಂದರು. ಅವತ್ತು ಶನಿವಾರ. ಸಾವ್ಕಾರರ ಮಗನಿಗೆ ಮುಳಬಾಗಿಲಿನ ಹೆಣ್ಣು ಗೊತ್ತಾಗಿತ್ತು, ಭಾನುವಾರ ದಿಬ್ಬಣ ಇದೇ ಲಾರಿಯಲ್ಲಿ ಹೋಗಬೇಕು. ಅದಕ್ಕೆ ಮೊದಲು ಬೈರಕೂರಿನಿಂದ ಹುಣಿಸೆಹಣ್ಣಿನ ಮೂಟೆ ಹೇರಿಕೊಂಡು ಬಾ ಅಂತ ಕಳಿಸಿದ್ದರು, ಬರುವಾಗ ಹೆಂಡತಿಯನ್ನೂ ಕರೆದುಕೊಂಡು ಬಾ ಅಂದಿದ್ದರು.

"ಎಣ್ಣೆ ಹಾಕಿದ್ರಾ?" ಅನ್ನೋದೇ ನನ್ನ ಮೊದಲ ಮಾತು.

"ಮಗಳನ್ನ ತೋರಿಸೇ ಮೊದಲು," ಅಂದರು. ಹಾಕಿಲ್ಲ ಅಂತ ಗೊತ್ತಾಯಿತು.

ಹೊರಡುವಾಗ ನಮ್ಮಮ್ಮ ಒಂದು ಜಾಡಿ ಹರಳೆಣ್ಣೆ ತಂದು ಮಡಿಲಿಗಿಟ್ಟಳು, ಮಗುವಿಗೆ ಹಚ್ಚಕ್ಕೆ. ತಾನೇ ಹರಳು ಹುರಿದು, ಕುಟ್ಟಿ, ಕಾಯಿಸಿ ತೆಗೆದದ್ದು. "ಶನಿವಾರ ಎಣ್ಣೆ ಕೊಡ್ತೀಯೇನಮ್ಮ?" ಅಂದೆ. ನಮ್ಮಮ್ಮನಿಗೆ ತೆಲುಗೇ ಮುಂದು. "ಇದಿ ನೂನೆ ಕಾದೇ, ಮಂದು," ಅಂದಳು. ಇದು ಎಣ್ಣೆಯಲ್ಲ ಕಣೇ, ಔಷಧಿ ಅಂತ. ಶಾಸ್ತ್ರ ಅಲ್ಲಿಗೆ ಮುಗಿಯಿತು.

ನಾನು ಮುಂದೆ ಕೂತೆ, ಮಗು ತೊಡೆ ಮೇಲೆ, ಜಾಡಿ ಕಾಲ ಸಂದಿಯಲ್ಲಿ. ಅವರ ಮುಂದೆ ಗಡಿಯಾರದ ಹಾಗೆ ಒಂದು ಬಿಲ್ಲೆ, ಅದರೊಳಗೆ ಒಂದು ಮುಳ್ಳು. "ಅದೇನು?" ಅಂದೆ. "ಎಣ್ಣೆ ಮುಳ್ಳು. ಅದು ಮಲಗಿದ್ರೆ ನಾವೂ ಮಲಗಿದ ಹಾಗೆ," ಅಂದರು. ತಮಾಷೆಗೆ ಅಂದದ್ದು. ಆಮೇಲೆ ನಾನು ದಾರಿ ನೋಡಲಿಲ್ಲ, ಮಗು ನೋಡಲಿಲ್ಲ, ಮುಳ್ಳನ್ನೇ ನೋಡಿದೆ. ಮುಳಬಾಗಿಲು ದಾಟುವವರೆಗೆ ಅದು ನಡುವೆ ತೂಗಾಡುತ್ತಿತ್ತು. ದಿಣ್ಣೆಯ ಬುಡಕ್ಕೆ ಬಂದಾಗ ಬಗ್ಗಿತು. ಅವರು ಗೇರು ಇಳಿಸಿದರು. ಎಂಜಿನ್ನೊಳಗೆ ಯಾರೋ ಒನಕೆ ಹಿಡಿದು ಕುಟ್ಟಿದ ಹಾಗೆ ಸದ್ದು ಶುರುವಾಯಿತು. ಮೊದಲು ಮೆಲ್ಲಗೆ, ಆಮೇಲೆ ನನ್ನ ಹಲ್ಲು ಅದುರುವಷ್ಟು.

"ಮುಳ್ಳು ಮಲಗ್ತಾ ಇದೆ," ಅಂದೆ.

"ಕಾಣ್ತಾ ಇದೆ."

"ನಿಲ್ಲಿಸಿ."

"ಇಲ್ಲಿ ನಿಲ್ಲಿಸಿದ್ರೆ ಹಿಂದಕ್ಕೆ ಹೋಗ್ತೀವಿ ಕಣೇ."

ಅವರು ನಿಲ್ಲಿಸಲಿಲ್ಲ, ಅದೇ ನಿಂತಿತು. ಒಂದು ಸಲ ಕೆಮ್ಮಿ, ಮೈಯೆಲ್ಲ ಒದರಿ, ಸುಮ್ಮನಾಯಿತು. ಆ ಸುಮ್ಮನೆ ನನಗೆ ಇವತ್ತಿಗೂ ಕೇಳಿಸುತ್ತೆ. ಅವರು ಎರಡೂ ಕಾಲು ಬ್ರೇಕಿನ ಮೇಲಿಟ್ಟು ನಿಂತೇಬಿಟ್ಟರು, ಒಂದು ಕೈಯಲ್ಲಿ ಕೈಬ್ರೇಕಿನ ಕೋಲು ಎಳೆದು ಹಿಡಿದರು. ಆದರೂ ರಸ್ತೆ ಪಕ್ಕದ ಹೊಂಗೆ ಮರ ಮೆಲ್ಲಗೆ ಮುಂದಕ್ಕೆ ಹೋಗುವುದು ಕಂಡಿತು. ಮರ ಎಲ್ಲಿಗೆ ಹೋದೀತು, ನಾವು ಹಿಂದಕ್ಕೆ ಹೋಗುತ್ತಿದ್ದೆವು.

"ಇಳಿ. ಕಲ್ಲು ಕೊಡು. ಹಿಂದಿನ ಗಾಲಿಗೆ."

ಕಲ್ಲು ಕೊಡಕ್ಕೆ ಇಳಿದವನೇ ಅವತ್ತು ಹೋದದ್ದು. ಅದು ಅವರ ಮನಸ್ಸಿಗೂ ಬಂದಿರಬೇಕು, ನನ್ನ ಮುಖ ನೋಡಲಿಲ್ಲ. ಇಳಿದೆ. ಮಗುವನ್ನ ಚರಂಡಿಯಾಚೆ ಹುಲ್ಲಿನ ಮೇಲೆ ಹಾಕಿದೆ, ಇಟ್ಟೆ ಅಂತಲೂ ಹೇಳಕ್ಕಾಗಲ್ಲ. ಕೈಗೆ ಸಿಕ್ಕ ಕಲ್ಲು ತಳ್ಳಿದೆ. ಗುಂಡಗಿತ್ತು, ಗಾಲಿ ಅದನ್ನ ಗೋಲಿಯ ಹಾಗೆ ಆಚೆಗೆ ಎಸೆಯಿತು. ಇನ್ನೊಂದು ಹುಡುಕಿದೆ. ಮೈಲಿಗಲ್ಲಿನ ಬುಡದಲ್ಲಿ ಒಡೆದ ಚಪ್ಪಡಿ ಕಂಡಿತು. ಎಳೆದುಕೊಂಡು ಬಂದು ಗಾಲಿಯ ಹಿಂದೆ ಒತ್ತಿ ಹಿಡಿದೆ. ಕೈ ತೆಗೆಯುವುದಕ್ಕೂ ಗಾಲಿ ಅದರ ಮೇಲೆ ಕೂರುವುದಕ್ಕೂ ಸರಿಹೋಯಿತು. ಬಲಗೈಯ ಬಳೆಗಳೆಲ್ಲ ಪುಡಿ. ಕೈ ಹೊರಗೆ ಬಂತು. ಲಾರಿ ಕಿರ್ರ್ ಅಂತ ಒರಗಿ ನಿಂತಿತು. ಹುಲ್ಲಿನ ಮೇಲೆ ಮಗು ಕಿರುಚುತ್ತಿತ್ತು. ಎತ್ತಿಕೊಳ್ಳಕ್ಕೆ ರಸ್ತೆ ಮೇಲೆ ಅಂಬೆಗಾಲಲ್ಲಿ ಹೋದೆ.

ಎಂಜಿನ್ನು ಆರಲಿ ಅಂತ ಬಹಳ ಹೊತ್ತು ಕೂತೆವು. ಅವರು ಮುಚ್ಚಳ ಎತ್ತಿ ಅಳತೆ ಕಡ್ಡಿ ಎಳೆದು ನೋಡಿದರು. ಕಡ್ಡಿಯ ತುದಿ ಮಾತ್ರ ಒದ್ದೆ. ಆಮೇಲೆ ನನ್ನ ಕಾಲ ಹತ್ತಿರದ ಜಾಡಿ ನೋಡಿದರು.

"ಎತ್ತಿನ ಗಾಡಿ ಕೀಲಿಗೆ ಹಾಕ್ತಾರೆ. ಇದಕ್ಕೆ ಹಾಕಿದ್ರೆ ಏನಾಗುತ್ತೋ ಗೊತ್ತಿಲ್ಲ," ಅಂದರು.

"ಹಾಕದಿದ್ರೆ ಏನಾಗುತ್ತೆ ಅಂತ ಗೊತ್ತಾಯ್ತಲ್ಲ. ಹಾಕಿ."

ನಮ್ಮಮ್ಮ ಮಗಳ ಮಗಳಿಗೆ ಅಂತ ಕಾಯಿಸಿದ ಎಣ್ಣೆಯೆಲ್ಲ ಲಾರಿ ಕುಡಿಯಿತು. ಹ್ಯಾಂಡಲ್ ಹಾಕಿ ತಿರುಗಿಸಿದರು. ಎಷ್ಟೋ ಸಲಕ್ಕೆ ಹಿಡಿಯಿತು. ಬಿಳೀ ಹೊಗೆ ಬಿಟ್ಟುಕೊಂಡು, ಬಾಣಂತಿ ಕೋಣೆಯ ವಾಸನೆ ಹೊಡೆದುಕೊಂಡು, ಆಮೆಯ ಹಾಗೆ ದಿಣ್ಣೆ ಹತ್ತಿತು. ನಾನು ಮಗುವನ್ನ ಸೆರಗಲ್ಲಿ ಬೆನ್ನಿಗೆ ಕಟ್ಟಿಕೊಂಡು, ಕಲ್ಲು ಹಿಡಿದುಕೊಂಡು, ಗಾಲಿಯ ಪಕ್ಕದಲ್ಲೇ ನೆತ್ತಿಯವರೆಗೆ ನಡೆದೆ. ಮತ್ತೆ ಹತ್ತಿ ಕೂತುಕೊಳ್ಳಕ್ಕೆ ಇಷ್ಟವಿರಲಿಲ್ಲ. ಕೂತೆ. ಬೇರೆ ದಾರಿ ಏನಿತ್ತು.

ಹೊತ್ತು ಇಳಿಯುವಾಗ ಕೋಲಾರ ಸೇರಿದೆವು. ಸಾವ್ಕಾರರ ಮನೆ ಮುಂದೆ ಚಪ್ಪರ ಹಾಕಿದ್ದರು, ಒಳಗೆ ಗುರುವಾರವೇ ಅಳೆದಿಟ್ಟಿದ್ದ ಎಣ್ಣೆಯಲ್ಲಿ ಚಕ್ಕುಲಿ ಕರಿಯುತ್ತಿದ್ದರು. ದೊಡ್ಡಮ್ಮಾವ್ರು ಹಿಂಬಾಗಿಲಿಗೆ ಬಂದು ಮಗು ನೋಡಿದರು, ಆಮೇಲೆ ನನ್ನ ಕೈ ನೋಡಿದರು.

"ಲೇ, ಬಲಗೈ ಬಳೆ ಎಲ್ಲೇ? ಮದುವೆ ಮನೆ ಹೊಸಿಲಿಗೆ ಮುತ್ತೈದೆ ಬರೋ ಕೈಯಾ ಇದು?"

"ದಿಣ್ಣೆ ಮೇಲೆ ಲಾರಿ ಗಾಲಿ ಕೆಳಗಿದೆ ಅಮ್ಮಾವ್ರೇ. ಕೈಯಷ್ಟೇ ತಂದಿದ್ದೀನಿ."

ನಡೆದದ್ದು ಹೇಳಿದೆ. ಮುಳ್ಳು ಮಲಗಿದ್ದು, ಮರ ಮುಂದಕ್ಕೆ ಹೋದದ್ದು, ಎಲ್ಲ. ಬಚ್ಚಲ ಹತ್ತಿರ ಪಾತ್ರೆ ತಿಕ್ಕುತ್ತಿದ್ದ ಆ ಹೆಂಗಸು ಕೈ ನಿಲ್ಲಿಸಿ ಕೇಳಿಸಿಕೊಂಡಳು.

"ಶನಿವಾರ ಎಣ್ಣೆ ಹೊತ್ಕೊಂಡು ದಾರಿ ನಡೆದ್ರೆ ಇನ್ನೇನಾಗುತ್ತೆ?" ಅಂದರು ದೊಡ್ಡಮ್ಮಾವ್ರು. "ಅದಕ್ಕೇ ಲಾರಿ ನಿಂತಿದ್ದು."

"ಅದಕ್ಕೇ ನಿಂತಿದ್ರೆ, ಅದನ್ನೇ ಹಾಕಿದ ಮೇಲೆ ಹೆಂಗೆ ಓಡ್ತು?"

ದೊಡ್ಡಮ್ಮಾವ್ರು ಸೊಂಟದ ಬೀಗದ ಕೈ ಮೇಲೆ ಕೈಯಿಟ್ಟುಕೊಂಡು ಲಾರಿಯ ಕಡೆ ನೋಡಿದರು.

"ನಾಳೆ ನನ್ನನ್ನ ಎಲ್ಲಿ ಕೂರಿಸ್ತಾರೆ?"

"ಮುಂದೆ, ನಮ್ಮೋರ ಪಕ್ಕ. ಇವತ್ತು ನಾನು ಕೂತಿದ್ದ ಜಾಗ."

"ಮಕ್ಕಳು ಮರಿ?"

"ಹಿಂದೆ. ಮೂಟೆ ಇದ್ದ ಕಡೆ."

ಅವರು ಒಳಗೆ ಆಡುತ್ತಿದ್ದ ಮಕ್ಕಳ ಕಡೆ ತಿರುಗಿ ನೋಡಿದರು. ಅಷ್ಟು ದಿನ ನನ್ನ ಹೊಟ್ಟೆಯಲ್ಲಿದ್ದ ಹೆದರಿಕೆ ಅವರ ಹೊಟ್ಟೆಗೆ ಹೋಯಿತು. ನನಗೇನೂ ಕನಿಕರ ಬರಲಿಲ್ಲ.

ದೊಡ್ಡಮ್ಮಾವ್ರು ಸೊಂಟದಿಂದ ಬೀಗದ ಕೈ ಬಿಚ್ಚಿಕೊಂಡರು. "ಶನಿವಾರ ಎಣ್ಣೆ ತರಬಾರದು ಅಂತ ಇರೋದು. ಕೊಡಬಾರದು ಅಂತ ಎಲ್ಲಿದೆ? ಶನಿವಾರ ಎಣ್ಣೆ ಕೊಟ್ರೆ ಅದು ದಾನ. ಶನಿ ಮಹಾತ್ಮನಿಗೆ ಪ್ರೀತಿ."

"ಈ ಮಾತು ಹೋದ ಆಯುಧಪೂಜೇಲಿ ಹೊಳೆದಿದ್ರೆ," ಅಂತ ನಮ್ಮ ಯಜಮಾನರು ಗೊಣಗಿದರು. ನಾನು ಅವರ ಕಾಲು ತುಳಿದೆ.

ಡಬ್ಬಕ್ಕೆ ಅರಿಶಿನ ಕುಂಕುಮ ಇಟ್ಟುಕೊಂಡು ದೊಡ್ಡಮ್ಮಾವ್ರು ತಾವೇ ತಂದರು. ಹಳೇ ಎಣ್ಣೆ ಬಸಿದರೆ ಬೆಲ್ಲದ ಪಾಕದ ಹಾಗೆ ಎಳೆಎಳೆಯಾಗಿ ಇಳಿಯಿತು, ಅದರ ತುಂಬ ಆ ಮಿಣಮಿಣ. ನಾನು ಅವರ ಮುಂದೆಯೇ ಬೆರಳಲ್ಲಿ ತೆಗೆದು ತೋರಿಸಿದೆ. ಹೊಸದು ಹಾಕಿದ ಮೇಲೆ ಒನಕೆ ಸದ್ದು ತಗ್ಗಿತು.

"ಸರಿಹೋಯ್ತಾ?" ಅಂತ ಕೇಳಿದರು ದೊಡ್ಡಮ್ಮಾವ್ರು.

"ಸವೆದ ಹಲ್ಲಿಗೆ ಬೆಣ್ಣೆ ಹಚ್ಚಿದ ಹಾಗೆ ಅಮ್ಮಾವ್ರೇ," ಅಂದರು ನಮ್ಮ ಯಜಮಾನರು. "ನೋವು ಕಡಿಮೆ ಆಗುತ್ತೆ. ಹಲ್ಲು ಬೆಳೆಯಲ್ಲ. ಎಂಜಿನ್ನು ಬಿಚ್ಚಿಸಲೇಬೇಕು. ನಾಳೆ ದಿಣ್ಣೆ ಹತ್ರ ಎಲ್ಲರೂ ಇಳಿದು ನಡೀಬೇಕು, ಹಾಗಿದ್ರೆ ಮಾತ್ರ ನಾನು ಬರ್ತೀನಿ."

ಬೇರೆ ಗಾಡಿ ಹುಡುಕಕ್ಕೆ ಹೊತ್ತಿರಲಿಲ್ಲ, ಎತ್ತಿನ ಗಾಡಿಯಲ್ಲಿ ಹೋದರೆ ಮುಹೂರ್ತ ಸಿಗುತ್ತಿರಲಿಲ್ಲ. ದೊಡ್ಡಮ್ಮಾವ್ರು ನನ್ನ ಕಡೆ ತಿರುಗಿ, "ನೀನೂ ಬಾರೇ. ನಿನಗೆ ಕಲ್ಲು ಕೊಡಕ್ಕೆ ಬರುತ್ತೆ," ಅಂದರು.

ಬರಲ್ಲ ಅನ್ನಬೇಕು ಅಂತ ನಾಲಿಗೆ ತುದಿಗೆ ಬಂತು. ನಾನು ಹೋಗದಿದ್ದರೆ ಗಾಲಿ ಹಿಂದೆ ಯಾರು ಅಂತ ಯೋಚಿಸಿದೆ. ಹೋದೆ.

ಭಾನುವಾರ ದಿಣ್ಣೆಯ ಬುಡದಲ್ಲಿ ಲಾರಿ ನಿಂತಿತು. ಸಾವ್ಕಾರರು, "ಮದುವೆ ಗಂಡನ್ನ ಧೂಳಲ್ಲಿ ನಡೆಸಿಕೊಂಡು ಹೋದ್ರೆ ಬೀಗರು ಏನಂತಾರೆ?" ಅಂತ ಶುರು ಮಾಡಿದರು.

"ಇಳೀರೋ ಎಲ್ಲ," ಅಂದರು ದೊಡ್ಡಮ್ಮಾವ್ರು. ಮೊದಲು ಇಳಿದವರು ಅವರೇ.

ಬಾಸಿಂಗದ ಬುಟ್ಟಿ, ಹೂವಿನ ಬುಟ್ಟಿ, ಓಲಗದವರು, ಜರಿ ಸೀರೆಗಳು, ಎಲ್ಲ ಏರಿನಲ್ಲಿ ಮುಂದೆ ಮುಂದೆ ನಡೆದವು. ನನ್ನ ಮಗುವನ್ನ ಯಾರೋ ಎತ್ತಿಕೊಂಡಿದ್ದರು. ಹಿಂದಿನ ದಿನದ ಚಪ್ಪಡಿ ಆಚೆ ಮಗ್ಗುಲಲ್ಲಿ ಉಳಿದಿತ್ತು, ಹೊಸದು ಹುಡುಕಿ ಎಡಗಡೆ ಗಾಲಿಯ ಹಿಂದೆ ನಿಂತೆ. ಅಂಗೈ ಬೆವತು ಕಲ್ಲು ಜಾರುತ್ತಿತ್ತು. ಗಾಲಿ ತಿರುಗಕ್ಕೆ ಶುರುವಾದಾಗ ಹಿಂದೆ ಯಾರೋ ಬರುವ ಸದ್ದಾಯಿತು.

"ಆ ಕಡೆ ಗಾಲಿಗೆ ಯಾರು?"

"ಯಾರೂ ಇಲ್ಲ ಅಮ್ಮಾವ್ರೇ."

ದೊಡ್ಡಮ್ಮಾವ್ರು ಸೀರೆ ಎತ್ತಿ ಕಟ್ಟಿದರು. ರಸ್ತೆ ಪಕ್ಕ ಬಗ್ಗಿ ಒಂದು ಕಲ್ಲು ಎತ್ತಿದರು. ಗುಂಡಗಿತ್ತು.

"ಅದಲ್ಲ, ಉರುಳುತ್ತೆ. ಚಪ್ಪಟೆದು ತಗೊಳ್ಳಿ," ಅಂದೆ.

ಅದನ್ನ ಬಿಟ್ಟು ಚಪ್ಪಟೆದು ತಗೊಂಡರು. ನಾನು ಈ ಗಾಲಿಗೆ, ಅವರು ಆ ಗಾಲಿಗೆ. ಲಾರಿ ಏದುಸಿರು ಬಿಡುತ್ತಾ ಹತ್ತಿತು. ಅದು ಗೇರು ಕಚ್ಚಿ ಒಂದಿಷ್ಟು ತಡವರಿಸಿದಾಗಲೆಲ್ಲ ನಾವಿಬ್ಬರೂ ಒಟ್ಟಿಗೆ ಬಗ್ಗುತ್ತಿದ್ದೆವು. ಅವರ ತುಟಿ ಅಲ್ಲಾಡುತ್ತಿತ್ತು, ಯಾವ ದೇವರನ್ನ ಕರೆಯುತ್ತಿದ್ದರೋ. ನಾನು ಯಾರನ್ನೂ ಕರೆಯಲಿಲ್ಲ, ಗಾಲಿ ನೋಡುತ್ತಿದ್ದೆ.

ನೆತ್ತಿ ಸಿಕ್ಕಿತು. ನಾನು ನನ್ನ ಕಲ್ಲು ಚರಂಡಿಗೆ ಎಸೆದೆ. ದೊಡ್ಡಮ್ಮಾವ್ರು ಎಸೆಯಲಿಲ್ಲ. ಅದನ್ನ ಹಿಡಿದುಕೊಂಡೇ ಲಾರಿ ಹತ್ತಿದರು, ರೇಷ್ಮೆ ಸೀರೆಯ ತೊಡೆ ಮೇಲೆ ಇಟ್ಟುಕೊಂಡು ಎರಡು ಕೈಯಲ್ಲೂ ಅವುಚಿಕೊಂಡು ಕೂತರು. ಇಳಿಜಾರು ಮುಗಿದು ದಾರಿ ಸಮತಟ್ಟಾದರೂ ಬಿಡಲಿಲ್ಲ.

ಮುಳಬಾಗಿಲಿನಲ್ಲಿ ಓಲಗ ಶುರುವಾಯಿತು. ಬೀಗಿತ್ತಿ ಪಾನಕದ ಲೋಟ ಹಿಡಿದು ಲಾರಿ ಬಾಗಿಲಿಗೆ ಬಂದರು. ಈಸ್ಕೊಳ್ಳಕ್ಕೆ ದೊಡ್ಡಮ್ಮಾವ್ರ ಕೈ ಖಾಲಿ ಇರಲಿಲ್ಲ.